ಸ್ನಾಯು ಸಡಿಲಿಸುವ ಮಾತ್ರೆ: ಚೀಟಿ ಬರೆಸಿಕೊಳ್ಳುವುದರಿಂದ ನಿಲ್ಲಿಸುವವರೆಗೆ

ಸೊಂಟ ಹಿಡಿದುಕೊಂಡಾಗ, ಕತ್ತು ತಿರುಗಿಸಲಾಗದಂತೆ ಬಿಗಿದುಕೊಂಡಾಗ, ಭಾರ ಎತ್ತುವಾಗ ಬೆನ್ನು ಉಳುಕಿದಾಗ ವೈದ್ಯರು ಬರೆದುಕೊಡುವ ಮಾತ್ರೆಗಳಲ್ಲಿ ಅನೇಕ ಸಲ ನೋವುನಿವಾರಕದ ಜೊತೆಗೆ ಸ್ನಾಯು ಸಡಿಲಿಸುವ ಔಷಧಿಯೂ ಬೆರೆತಿರುತ್ತದೆ. ಅದನ್ನು ನುಂಗುವವರಲ್ಲಿ ಹೆಚ್ಚಿನವರು ಮಾತ್ರೆ ನೇರವಾಗಿ ಬೆನ್ನಿಗೆ ಹೋಗಿ ಅಲ್ಲಿನ ಬಿಗಿತವನ್ನು ಬಿಡಿಸುತ್ತದೆ ಎಂದು ನಂಬಿರುತ್ತಾರೆ. ಆದರೆ ಈ ಗುಂಪಿನ ಬಹುತೇಕ ಔಷಧಿಗಳು ಕೆಲಸ ಮಾಡುವುದು ಮೆದುಳಿನಲ್ಲಿ ಮತ್ತು ಬೆನ್ನುಹುರಿಯಲ್ಲಿ. ಸ್ನಾಯುವನ್ನು ಬಿಗಿಗೊಳಿಸುವಂತೆ ಅಲ್ಲಿಂದ ಹೊರಡುವ ನರಸಂದೇಶಗಳನ್ನು ಅವು ತಗ್ಗಿಸುತ್ತವೆ. ಮೆದುಳಿನ ಮೇಲೆ ಪರಿಣಾಮ ಬೀರುವುದರಿಂದಲೇ ಮಂಪರು, ತಲೆಸುತ್ತು, ನಿಧಾನವಾಗುವ ಪ್ರತಿಕ್ರಿಯೆ, ಕೆಲವು ಔಷಧಿಗಳಲ್ಲಿ ರಕ್ತದೊತ್ತಡದ ಇಳಿತ ಇವೆಲ್ಲ ಉಂಟಾಗುತ್ತವೆ. ಮುಂದೆ ಹೇಳುವ ಎಚ್ಚರಿಕೆಗಳಲ್ಲಿ ಬಹುಪಾಲು ಈ ಒಂದು ಸಂಗತಿಯಿಂದಲೇ ಹುಟ್ಟಿದವು.

ಸ್ಟ್ರಿಪ್ಪಿನ ಮೇಲೆ ಏನಿದೆ ಎಂದು ಓದಿಕೊಳ್ಳಿ

ನಮ್ಮ ದೇಶದಲ್ಲಿ ಈ ಔಷಧಿಗಳು ವೈದ್ಯರ ಚೀಟಿಯ ಮೇಲೆ ಮಾತ್ರ ಮಾರಬೇಕಾದವು. ಸ್ಟ್ರಿಪ್ಪಿನ ಎಡಬದಿಯಲ್ಲಿ ಉದ್ದಕ್ಕೂ ಎಳೆದಿರುವ ಕೆಂಪು ಗೆರೆ ಅದರ ಗುರುತು. ಹಾಗಿದ್ದೂ ಮೆಡಿಕಲ್ ಶಾಪಿನಲ್ಲಿ 'ಸೊಂಟನೋವಿಗೆ ಏನಾದರೂ ಕೊಡಿ' ಎಂದು ಕೇಳಿ ಎರಡು ಮಾತ್ರೆ ಕತ್ತರಿಸಿಕೊಂಡು ಬರುವುದು ನಮ್ಮಲ್ಲಿ ಸಾಮಾನ್ಯವಾಗಿಬಿಟ್ಟಿದೆ. ಹಾಗೆ ತಂದ ತುಂಡಿನಲ್ಲಿ ಔಷಧಿಯ ಹೆಸರು ಅರ್ಧ ಇರುತ್ತದೆ, ಅವಧಿ ಮುಗಿಯುವ ದಿನಾಂಕ ಇರುವುದೇ ಇಲ್ಲ. ತೊಂದರೆಯಾಗಿ ಆಸ್ಪತ್ರೆಗೆ ಹೋದರೆ ಏನು ತಿಂದಿರಿ ಎಂಬ ಪ್ರಶ್ನೆಗೆ ಮನೆಯವರ ಬಳಿ ಉತ್ತರವಿರುವುದಿಲ್ಲ. ಚೀಟಿಯಿಂದಲೇ ಕೊಂಡರೂ ಕೊನೆಯ ಮಾತ್ರೆ ಮುಗಿಯುವವರೆಗೆ ಹೆಸರು ಮತ್ತು ದಿನಾಂಕ ಇರುವ ಭಾಗವನ್ನು ಹರಿಯದೆ ಉಳಿಸಿಕೊಳ್ಳಿ, ಇಲ್ಲವೇ ಮೊಬೈಲಿನಲ್ಲಿ ಸ್ಟ್ರಿಪ್ಪಿನ ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ.

ದೊಡ್ಡ ಅಕ್ಷರದಲ್ಲಿರುವ ಬ್ರ್ಯಾಂಡ್ ಹೆಸರಿಗಿಂತ ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವ ಘಟಕಗಳ ಪಟ್ಟಿ ಮುಖ್ಯ. ಒಂದೇ ಬ್ರ್ಯಾಂಡ್ ಹೆಸರಿನ ಮುಂದೆ ಎಸ್‌ಪಿ, ಟಿಎಚ್, ಎಂಆರ್ ಎಂದು ಎರಡೆರಡು ಅಕ್ಷರ ಬದಲಾದರೆ ಒಳಗಿನ ಔಷಧಿಯೇ ಬದಲಾಗುತ್ತದೆ. ನೋವಿನ ಮಾತ್ರೆಗಳಲ್ಲಿ ಎಂಆರ್ ಎಂದಿದ್ದರೆ ಸಾಮಾನ್ಯವಾಗಿ ಸ್ನಾಯು ಸಡಿಲಿಸುವ ಘಟಕ ಇದೆ ಎಂದರ್ಥ. ಆದರೆ ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳ ಮೇಲೆ ಅದೇ ಎಂಆರ್ ಇದ್ದರೆ ಔಷಧಿ ನಿಧಾನವಾಗಿ ಬಿಡುಗಡೆಯಾಗುತ್ತದೆ ಎಂದು ಸೂಚಿಸುತ್ತದೆ. ಆದ್ದರಿಂದ ಅಕ್ಷರಗಳನ್ನು ನೆಚ್ಚದೆ ಪಟ್ಟಿಯನ್ನೇ ಓದಬೇಕು, ಓದಲಾಗದಿದ್ದರೆ ಅಂಗಡಿಯ ಫಾರ್ಮಸಿಸ್ಟ್ ಬಳಿ ಓದಿಸಿ ಬರೆದುಕೊಳ್ಳಬೇಕು. ನಮ್ಮಲ್ಲಿ ಹೆಚ್ಚಾಗಿ ಕಾಣುವ ಹೆಸರುಗಳು ಇವು: ಥಯೋಕೊಲ್ಚಿಕೊಸೈಡ್, ಕ್ಲೋರ್‌ಜಾಕ್ಸಜೋನ್, ಟಿಜಾನಿಡಿನ್, ಮೆಥೋಕಾರ್ಬಮಾಲ್, ಟಾಲ್ಪೆರಿಸೋನ್ ಮತ್ತು ಬ್ಯಾಕ್ಲೋಫೆನ್. ಬ್ಯಾಕ್ಲೋಫೆನ್ ಸಾಮಾನ್ಯವಾಗಿ ಒಂಟಿಯಾಗಿ ಬರುತ್ತದೆ. ಉಳಿದವುಗಳಲ್ಲಿ ಹಲವು ಅಸಿಕ್ಲೋಫೆನಾಕ್, ಡೈಕ್ಲೋಫೆನಾಕ್ ಅಥವಾ ಪ್ಯಾರಾಸಿಟಮಾಲ್ ಎಂಬ ನೋವುನಿವಾರಕಗಳ ಜೊತೆ ಬೆರೆತು ಒಂದೇ ಮಾತ್ರೆಯಾಗಿ ಬರುತ್ತವೆ.

ಈ ಬೆರಕೆಯಲ್ಲಿ ಒಂದು ಅಪಾಯವಿದೆ. ಮಾತ್ರೆಯಲ್ಲಿ 325 ಮಿ.ಗ್ರಾಂ. ಪ್ಯಾರಾಸಿಟಮಾಲ್ ಇರುವುದು ತಿಳಿಯದೆ, ಮೈಕೈ ನೋವು ಹೆಚ್ಚಾಯಿತೆಂದು ಮನೆಯಲ್ಲಿರುವ 650 ಮಿ.ಗ್ರಾಂ. ಮಾತ್ರೆಯನ್ನೂ ದಿನಕ್ಕೆ ನಾಲ್ಕೈದು ಸಲ ನುಂಗಿದರೆ ಒಟ್ಟು ಪ್ರಮಾಣ ವಯಸ್ಕರ ದಿನದ ಗರಿಷ್ಠ ಮಿತಿಯಾದ 4 ಗ್ರಾಂ ಹತ್ತಿರ ಹೋಗಿಬಿಡುತ್ತದೆ. ಕೃಶ ದೇಹದವರಿಗೆ, ಸರಿಯಾಗಿ ಊಟ ಮಾಡದವರಿಗೆ, ಮದ್ಯಪಾನ ರೂಢಿಯಿರುವವರಿಗೆ ಆ ಮಿತಿಗಿಂತ ಕೆಳಗೇ ಯಕೃತ್ತಿಗೆ ಪೆಟ್ಟಾಗಬಹುದು. ಅಸಿಕ್ಲೋಫೆನಾಕ್ ಇರುವ ಮಾತ್ರೆಯ ಮೇಲೆ ಅದೇ ಬಗೆಯ ನೋವುನಿವಾರಕಗಳಾದ ಐಬುಪ್ರೊಫೆನ್ ಅಥವಾ ಡೈಕ್ಲೋಫೆನಾಕ್ ತೆಗೆದುಕೊಳ್ಳುವುದಂತೂ ಯಾವ ಲಾಭವೂ ಇಲ್ಲದ ಅಪಾಯ. ಹೊಟ್ಟೆಯ ಹುಣ್ಣು, ರಕ್ತಸ್ರಾವ ಮತ್ತು ಕಿಡ್ನಿಯ ಹಾನಿಯ ಸಾಧ್ಯತೆ ಅದರಿಂದ ಹೆಚ್ಚುತ್ತದೆ. ಡೆಂಗಿಯ ಅನುಮಾನವಿರುವ ಜ್ವರದಲ್ಲಿ ಮೈಕೈ ನೋವೆಂದು ಈ ಬೆರಕೆ ಮಾತ್ರೆಗಳನ್ನು ಮುಟ್ಟಲೇಬಾರದು, ಏಕೆಂದರೆ ಅವುಗಳಲ್ಲಿರುವ ನೋವುನಿವಾರಕ ರಕ್ತಸ್ರಾವಕ್ಕೆ ದಾರಿ ಮಾಡಿಕೊಡಬಲ್ಲದು.

ವೈದ್ಯರ ಮುಂದೆ ಬಿಡದೆ ಹೇಳಬೇಕಾದ್ದು

ಬೆನ್ನುನೋವಿಗೆಂದು ಹೋದವರು ಬೆನ್ನಿನ ಬಗ್ಗೆ ಮಾತ್ರ ಹೇಳಿ ಬರುತ್ತಾರೆ. ಮೂಳೆ ವೈದ್ಯರಿಗೆ ನಿಮ್ಮ ಬಿಪಿ ಮಾತ್ರೆಯ ಸಂಗತಿ ತಾನಾಗಿ ತಿಳಿಯುವುದಿಲ್ಲ, ಬಿಪಿ ನೋಡುವ ವೈದ್ಯರಿಗೆ ಈ ಹೊಸ ಮಾತ್ರೆಯ ಸಂಗತಿ ತಿಳಿಯುವುದಿಲ್ಲ. ಇಬ್ಬರ ನಡುವೆ ಸುದ್ದಿ ಒಯ್ಯಬೇಕಾದವರು ನೀವೇ. ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನು, ನಿದ್ರೆ ಮಾತ್ರೆ, ನೆಗಡಿ ಮಾತ್ರೆ, ಗರ್ಭನಿರೋಧಕ ಮಾತ್ರೆ, ನಾಟಿ ಔಷಧಿ ಇವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲಿಡುವುದು ನೆನಪಿನಿಂದ ಹೇಳುವುದಕ್ಕಿಂತ ಎಷ್ಟೋ ಮೇಲು. ಕಿಡ್ನಿ ತೊಂದರೆ ಅಥವಾ ಡಯಾಲಿಸಿಸ್, ಹಿಂದೆ ಬಂದ ಕಾಮಾಲೆ, ಮೂರ್ಛೆರೋಗ, ಕಡಿಮೆ ರಕ್ತದೊತ್ತಡ, ಹೊಟ್ಟೆಯ ಹುಣ್ಣು, ಸ್ನಾಯುಗಳು ಬೇಗ ಸೋಲುವ ಮೈಯಸ್ಥೀನಿಯಾ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆಗಳ ಬಳಕೆ ಇವುಗಳಲ್ಲಿ ಯಾವುದಿದ್ದರೂ ಅವರು ಕೇಳದಿದ್ದರೂ ಹೇಳಿ. ಗರ್ಭಿಣಿಯಾಗಿದ್ದರೆ, ಗರ್ಭ ಧರಿಸುವ ಯೋಚನೆಯಿದ್ದರೆ, ಮಗುವಿಗೆ ಹಾಲುಣಿಸುತ್ತಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಹೇಳಬೇಕು.

ಹಾಗೆಯೇ ಮೂರು ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ಚೀಟಿಯ ಮೇಲೆಯೇ ಬರೆಸಿಕೊಳ್ಳಿ: ಎಷ್ಟು ದಿನ, ದಿನಕ್ಕೆ ಎಷ್ಟು ಸಲ, ಮತ್ತು ನೋವು ಅಷ್ಟರೊಳಗೆ ಹೋದರೆ ನಿಲ್ಲಿಸಬಹುದೇ. ನಿಲ್ಲಿಸುವ ದಿನ ಬರೆದಿಲ್ಲದ ಚೀಟಿಯೇ ತಿಂಗಳುಗಟ್ಟಲೆ ಮುಂದುವರಿಯುವ ಮಾತ್ರೆಗೆ ಮೂಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಒಂದೊಂದು ಔಷಧಿಯ ಸ್ವಭಾವ ಒಂದೊಂದು

ಥಯೋಕೊಲ್ಚಿಕೊಸೈಡ್ ಅನ್ನು, ಬೇಲಿಗಳ ಮೇಲೆ ಕೆಂಪು-ಹಳದಿ ಹೂ ಬಿಡುವ ಅಗ್ನಿಶಿಖೆ ಬಳ್ಳಿಯ ಬೀಜದಲ್ಲಿರುವ ಒಂದು ರಾಸಾಯನಿಕದಿಂದ ತಯಾರಿಸುತ್ತಾರೆ. ಗಿಡದಿಂದ ಬಂದದ್ದೆಂದು ಅದನ್ನು ಸೌಮ್ಯವೆಂದು ಭಾವಿಸಬೇಕಾಗಿಲ್ಲ. ಆ ಬಳ್ಳಿಯ ಎಲ್ಲ ಭಾಗಗಳೂ ವಿಷ. 2013ರ ನವೆಂಬರಿನಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ಈ ಔಷಧಿಯನ್ನು ಮರುಪರಿಶೀಲಿಸಿತು. ದೇಹದಲ್ಲಿ ಇದು ವಿಭಜನೆಗೊಂಡಾಗ ಉಂಟಾಗುವ ಒಂದು ವಸ್ತು, ಕೋಶ ವಿಭಜನೆಯ ವೇಳೆ ವರ್ಣತಂತುಗಳ ಸಂಖ್ಯೆಯನ್ನು ಏರುಪೇರು ಮಾಡಬಲ್ಲದು ಎಂದು ಕಂಡುಬಂದುದರಿಂದ, ಬಾಯಿಯ ಮೂಲಕವಾದರೆ 12 ಗಂಟೆಗೊಮ್ಮೆ ಹೆಚ್ಚೆಂದರೆ 8 ಮಿ.ಗ್ರಾಂ., ಅದೂ ಸತತ 7 ದಿನ ಮೀರದಂತೆ, ಚುಚ್ಚುಮದ್ದಾದರೆ 12 ಗಂಟೆಗೊಮ್ಮೆ 4 ಮಿ.ಗ್ರಾಂ. ಮತ್ತು 5 ದಿನ ಮೀರದಂತೆ ಎಂದು ಮಿತಿ ಹಾಕಿತು. 16 ವರ್ಷದೊಳಗಿನವರಿಗೆ, ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ, ಗರ್ಭನಿರೋಧಕ ಬಳಸದಿರುವ ಗರ್ಭಧಾರಣೆಯ ವಯಸ್ಸಿನ ಮಹಿಳೆಯರಿಗೆ ಇದು ಸಲ್ಲದು ಎಂದೂ ಹೇಳಿತು. ಸೊಂಟನೋವೆಂದು ಬಂದ, ಹೊಸದಾಗಿ ಮದುವೆಯಾದ ಹೆಣ್ಣುಮಗಳ ಚೀಟಿಯಲ್ಲಿ ಈ ಹೆಸರಿದ್ದರೆ ವೈದ್ಯರನ್ನು ಮತ್ತೊಮ್ಮೆ ಕೇಳುವುದರಲ್ಲಿ ಸಂಕೋಚ ಬೇಡ. ಮಗುವಿಗಾಗಿ ಪ್ರಯತ್ನಿಸುತ್ತಿರುವ ಗಂಡಸರೂ ಆ ಸಂಗತಿಯನ್ನು ತಿಳಿಸಬೇಕು. ಮೂರ್ಛೆರೋಗ ಇರುವವರಲ್ಲಿ ಇದು ಸೆಳವು ತರಿಸಬಹುದು. ಚುಚ್ಚುಮದ್ದು ಹಾಕಿಸಿಕೊಂಡವರಿಗೆ ಕೆಲವೊಮ್ಮೆ ಕಣ್ಣು ಕತ್ತಲಿಟ್ಟು ಬೀಳುವಂತಾಗುವುದರಿಂದ, ಸೂಜಿ ಚುಚ್ಚಿದ ಕೂಡಲೇ ಸ್ಕೂಟರ್ ಹತ್ತದೆ ಸ್ವಲ್ಪ ಹೊತ್ತು ಕ್ಲಿನಿಕ್ಕಿನಲ್ಲೇ ಕುಳಿತಿರಬೇಕು.

ಟಿಜಾನಿಡಿನ್ ವಿಷಯದಲ್ಲಿ ನೋಡಬೇಕಾದ್ದು ರಕ್ತದೊತ್ತಡ. ನುಂಗಿದ ಒಂದೆರಡು ಗಂಟೆಯಲ್ಲಿ ಇದರ ಪ್ರಭಾವ ಅತ್ಯಧಿಕವಾಗಿರುತ್ತದೆ, ಆ ವೇಳೆಗೆ ರಕ್ತದೊತ್ತಡ ಇಳಿದು, ಹಾಸಿಗೆಯಿಂದ ತಟ್ಟನೆ ಎದ್ದರೆ ಕಾಲು ನಿಲ್ಲದಂತಾಗಬಹುದು. ಬಿಪಿ ಮಾತ್ರೆ ತೆಗೆದುಕೊಳ್ಳುವವರಲ್ಲಿ ಈ ಇಳಿತ ಇನ್ನೂ ತೀವ್ರ. ಇದಕ್ಕಿಂತ ಗಂಭೀರವಾದ ಅಂಶ ಮತ್ತೊಂದಿದೆ. ಟಿಜಾನಿಡಿನ್ ಅನ್ನು ಕರಗಿಸಿ ಹೊರಹಾಕುವ ಯಕೃತ್ತಿನ ಕಿಣ್ವವನ್ನು ಸಿಪ್ರೋಫ್ಲಾಕ್ಸಸಿನ್ ಎಂಬ ಪ್ರತಿಜೀವಕವೂ, ಫ್ಲೂವಾಕ್ಸಮಿನ್ ಎಂಬ ಮನೋರೋಗದ ಔಷಧಿಯೂ ತಡೆಹಿಡಿಯುತ್ತವೆ. ಪರಿಣಾಮವಾಗಿ ದೇಹಕ್ಕೆ ದಕ್ಕುವ ಟಿಜಾನಿಡಿನ್ ಪ್ರಮಾಣ ಸಿಪ್ರೋಫ್ಲಾಕ್ಸಸಿನ್ ಜೊತೆ ಸುಮಾರು 10 ಪಟ್ಟು, ಫ್ಲೂವಾಕ್ಸಮಿನ್ ಜೊತೆ ಸುಮಾರು 33 ಪಟ್ಟು ಏರಿದ್ದನ್ನು ಅಧ್ಯಯನಗಳು ತೋರಿಸಿವೆ. ಈ ಜೋಡಿಗಳನ್ನು ಯಾವ ಕಾರಣಕ್ಕೂ ಒಟ್ಟಿಗೆ ಬಳಸಬಾರದು ಎಂದು ಔಷಧಿಯ ಮಾಹಿತಿಪತ್ರದಲ್ಲೇ ಹೇಳಿದೆ. ಉರಿಮೂತ್ರಕ್ಕೂ ಹೊಟ್ಟೆ ಕೆಟ್ಟಿದ್ದಕ್ಕೂ ಸಿಪ್ರೋಫ್ಲಾಕ್ಸಸಿನ್ ಕೊಡುವುದು ನಮ್ಮ ಊರುಗಳಲ್ಲಿ ತೀರಾ ಸಾಮಾನ್ಯವಾದ್ದರಿಂದ, ಸೊಂಟನೋವಿನ ಮಾತ್ರೆ ನಡೆಯುತ್ತಿರುವಾಗ ಮತ್ತೊಬ್ಬ ವೈದ್ಯರ ಬಳಿ ಹೋಗಬೇಕಾಗಿ ಬಂದರೆ ಸ್ಟ್ರಿಪ್ ಜೊತೆಯಲ್ಲಿರಲಿ. ಟಿಜಾನಿಡಿನ್ ಊಟದ ಜೊತೆ ತೆಗೆದುಕೊಂಡರೆ ಒಂದು ರೀತಿ, ಬರಿ ಹೊಟ್ಟೆಯಲ್ಲಿ ಇನ್ನೊಂದು ರೀತಿ ರಕ್ತಕ್ಕೆ ಸೇರುತ್ತದೆ. ಹಾಗಾಗಿ ಯಾವ ಪದ್ಧತಿಯಲ್ಲಿ ಆರಂಭಿಸಿದಿರೋ ಅದನ್ನೇ ಪಾಲಿಸಬೇಕು. ದೀರ್ಘಕಾಲ ಬೇಕಾದವರಿಗೆ ಯಕೃತ್ತಿನ ರಕ್ತಪರೀಕ್ಷೆ ಮಾಡಿಸುತ್ತಾರೆ, ಅದನ್ನು ತಪ್ಪಿಸಬೇಡಿ.

ಬ್ಯಾಕ್ಲೋಫೆನ್ ಸಾಮಾನ್ಯ ಉಳುಕಿನ ಔಷಧಿಯಲ್ಲ. ಪಾರ್ಶ್ವವಾಯು, ಬೆನ್ನುಹುರಿಯ ಪೆಟ್ಟು, ಮೆದುಳು-ಬೆನ್ನುಹುರಿಯ ನರಗಳ ಹೊದಿಕೆ ಕೆಡುವ ಮಲ್ಟಿಪಲ್ ಸ್ಕ್ಲೆರೋಸಿಸ್, ಮಕ್ಕಳಲ್ಲಿ ಮೆದುಳಿನ ಹಾನಿಯಿಂದ ಬರುವ ಸೆರೆಬ್ರಲ್ ಪಾಲ್ಸಿ ಇಂಥ ಸ್ಥಿತಿಗಳಲ್ಲಿ ಕೈಕಾಲು ಸೆಟೆದುಕೊಳ್ಳುವುದನ್ನು ತಗ್ಗಿಸಲು ತಿಂಗಳುಗಳ ಕಾಲ, ಕೆಲವರಿಗೆ ವರ್ಷಗಳ ಕಾಲ ಕೊಡುತ್ತಾರೆ. ವಯಸ್ಕರಿಗೆ ಸಾಮಾನ್ಯವಾಗಿ 5 ಮಿ.ಗ್ರಾಂ. ದಿನಕ್ಕೆ ಮೂರು ಸಲದಂತೆ ಆರಂಭಿಸಿ, ಕೆಲವು ದಿನಗಳಿಗೊಮ್ಮೆ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋಗುತ್ತಾರೆ. ಇದರಲ್ಲಿ ಮನೆಯವರು ಮರೆಯಬಾರದ್ದು ಒಂದೇ: ಬ್ಯಾಕ್ಲೋಫೆನ್ ಅನ್ನು ಇದ್ದಕ್ಕಿದ್ದಂತೆ ನಿಲ್ಲಿಸಬಾರದು. ತಟ್ಟನೆ ನಿಂತರೆ ಇಲ್ಲದ್ದು ಕಾಣುವ ಭ್ರಮೆ, ಗೊಂದಲ, ತೀವ್ರ ಜ್ವರ, ಸೆಟೆತದ ಮರುಕಳಿಕೆ, ಮೂರ್ಛೆಯ ಸೆಳವು ಇವೆಲ್ಲ ಬರಬಹುದು. ಮಾತ್ರೆ ಮುಗಿಯುವ ಒಂದು ವಾರ ಮೊದಲೇ ಹೊಸದನ್ನು ತಂದಿಡಿ. ಮದುವೆ, ಜಾತ್ರೆ, ಯಾತ್ರೆ ಎಂದು ಪರಊರಿಗೆ ಹೊರಟಾಗ ಬೇಕಾದದ್ದಕ್ಕಿಂತ ಕೆಲವು ದಿನದ ಮಾತ್ರೆ ಹೆಚ್ಚಾಗಿಯೇ ಕೈಚೀಲದಲ್ಲಿರಲಿ. ವಾಂತಿಯಿಂದ ಮಾತ್ರೆ ನಿಲ್ಲದಿದ್ದರೆ, ಶಸ್ತ್ರಚಿಕಿತ್ಸೆಗೆಂದು ಉಪವಾಸವಿರಲು ಹೇಳಿದರೆ ವೈದ್ಯರನ್ನು ಮೊದಲೇ ಕೇಳಿಕೊಳ್ಳಿ. ಈ ಔಷಧಿಯ ಬಹುಭಾಗ ಮೂತ್ರದ ಮೂಲಕವೇ ಹೊರಹೋಗುವುದರಿಂದ ಕಿಡ್ನಿ ದುರ್ಬಲವಾದವರಲ್ಲಿ ಸಣ್ಣ ಪ್ರಮಾಣವೂ ಶೇಖರವಾಗಿ ಎಚ್ಚರ ತಪ್ಪಿಸಬಲ್ಲದು. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಬಿಕ್ಕಳಿಕೆಗೆಂದು ಯಾರಾದರೂ ಬ್ಯಾಕ್ಲೋಫೆನ್ ಬರೆದುಕೊಟ್ಟರೆ, ನುಂಗುವ ಮೊದಲು ಕಿಡ್ನಿ ವೈದ್ಯರಿಗೆ ಒಂದು ಮಾತು ಹೇಳಲೇಬೇಕು.

ಕ್ಲೋರ್‌ಜಾಕ್ಸಜೋನ್ ಅಪರೂಪಕ್ಕೆ ಯಕೃತ್ತಿಗೆ ತೀವ್ರ ಹಾನಿ ಮಾಡುತ್ತದೆ. ಅದರಿಂದ ಮೂತ್ರ ಕಿತ್ತಳೆ ಅಥವಾ ನೇರಳೆ ಮಿಶ್ರಿತ ಕೆಂಪಾಗುವುದೂ ಉಂಟು. ಮೆಥೋಕಾರ್ಬಮಾಲ್‌ನಿಂದ ಮೂತ್ರ ಕಂದು, ಕಪ್ಪು ಅಥವಾ ಹಸಿರು ಬಣ್ಣಕ್ಕೆ ತಿರುಗಬಹುದು. ಬಣ್ಣವೊಂದೇ ಬದಲಾಗಿದ್ದರೆ ಗಾಬರಿ ಬೇಕಿಲ್ಲ. ಆದರೆ ಕಣ್ಣು ಹಳದಿಯಾಗಿ, ಹಸಿವು ಸತ್ತು, ಹೊಟ್ಟೆಯ ಬಲ ಮೇಲ್ಭಾಗ ನೋಯುತ್ತಿದ್ದರೆ ಮಾತ್ರೆ ನಿಲ್ಲಿಸಿ ಅದೇ ದಿನ ವೈದ್ಯರನ್ನು ಕಾಣಬೇಕು.

ಮೊದಲ ಮಾತ್ರೆ, ಮೊದಲ ರಾತ್ರಿ

ಯಾವ ಔಷಧಿಯಾದರೂ ನಿಮ್ಮ ಮೈಗೆ ಎಷ್ಟು ಮಂಪರು ತರುತ್ತದೆ ಎಂಬುದು ಮೊದಲ ಮಾತ್ರೆ ನುಂಗಿದ ಮೇಲೆಯೇ ತಿಳಿಯುವುದು. ವೈದ್ಯರು ಒಪ್ಪಿದರೆ ಅದನ್ನು ರಾತ್ರಿ ಊಟದ ನಂತರ, ಮರುದಿನ ಬೇಗ ಏಳಬೇಕಾದ ಕೆಲಸವಿಲ್ಲದಾಗ ತೆಗೆದುಕೊಳ್ಳಿ. ರಾತ್ರಿ ಮೂತ್ರಕ್ಕೆ ಏಳುವವರು ಹಾಸಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕುಳಿತು, ಗೋಡೆ ಹಿಡಿದು ನಿಂತು, ಆಮೇಲೆ ಹೆಜ್ಜೆ ಇಡಬೇಕು. ಬಚ್ಚಲಮನೆಯವರೆಗೆ ಒಂದು ಸಣ್ಣ ದೀಪ ಉರಿಯುತ್ತಿರಲಿ. 65 ವರ್ಷ ದಾಟಿದವರಿಗೆ ಈ ಗುಂಪಿನ ಹಲವು ಔಷಧಿಗಳನ್ನು ಕೊಡದಿರುವುದೇ ಮೇಲೆಂದು ಅಮೆರಿಕದ ವೃದ್ಧವೈದ್ಯರ ಸಂಘ ತನ್ನ ಪಟ್ಟಿಯಲ್ಲಿ ಸೂಚಿಸಿದೆ. ಬೆನ್ನುನೋವಿನ ಮಾತ್ರೆ ತಿಂದ ಅಜ್ಜಿ ರಾತ್ರಿ ಜಾರಿಬಿದ್ದು ತೊಡೆಮೂಳೆ ಮುರಿದುಕೊಂಡರೆ ಮೊದಲಿದ್ದ ನೋವು ಏನೂ ಅಲ್ಲವೆನಿಸುತ್ತದೆ. ಮನೆಯ ಹಿರಿಯರಿಗೆ ಇದನ್ನು ಬರೆದುಕೊಟ್ಟಾಗ ಇನ್ನೂ ಸೌಮ್ಯವಾದ ದಾರಿ ಇದೆಯೇ ಎಂದು ಕೇಳುವುದು ಜೊತೆಯಲ್ಲಿ ಹೋದವರ ಕರ್ತವ್ಯ.

ಮಂಪರು ಇರುವಷ್ಟು ದಿನ ವಾಹನ ಓಡಿಸಬಾರದು. ಕಾರು, ಬೈಕ್, ಆಟೊ, ಟ್ರ್ಯಾಕ್ಟರ್, ಪವರ್ ಟಿಲ್ಲರ್ ಎಲ್ಲಕ್ಕೂ ಈ ಮಾತು ಅನ್ವಯಿಸುತ್ತದೆ. ಅಡಿಕೆ ಮರ, ತೆಂಗಿನ ಮರ ಹತ್ತುವವರು, ಸಾರುವೆಯ ಮೇಲೆ ನಿಂತು ಗಾರೆ ಕೆಲಸ ಮಾಡುವವರು, ಗರಗಸದ ಮಿಲ್ಲಿನಲ್ಲಿ ದುಡಿಯುವವರು ದಿನಗೂಲಿ ಹೋಗುತ್ತದೆಂದು ನೋವಿನ ಮಾತ್ರೆ ನುಂಗಿ ಕೆಲಸಕ್ಕೆ ಹೊರಡುವುದು ನಿಜ. ಅವರ ಕಷ್ಟವನ್ನು ಅಲ್ಲಗಳೆಯಲಾಗದು. ಆದರೆ ಅಂಥ ಕೆಲಸದವರು ಅದನ್ನು ವೈದ್ಯರಿಗೆ ಹೇಳಿದರೆ ರಾತ್ರಿಯೊಮ್ಮೆ ಮಾತ್ರ ತೆಗೆದುಕೊಳ್ಳುವಂತೆ, ಅಥವಾ ಸ್ನಾಯು ಸಡಿಲಿಸುವ ಘಟಕವೇ ಇಲ್ಲದ ಮಾತ್ರೆಯಾಗುವಂತೆ ಚೀಟಿಯನ್ನು ಬದಲಿಸಲು ಅವಕಾಶವಿರುತ್ತದೆ.

ಮದ್ಯವನ್ನು ಈ ಔಷಧಿಗಳ ಜೊತೆ ಒಂದು ಗುಟುಕೂ ಕುಡಿಯಬಾರದು. ಎರಡೂ ಮೆದುಳನ್ನು ಮಂದಗೊಳಿಸುವುದರಿಂದ ಉಸಿರಾಟ ನಿಧಾನವಾಗಿ ಎಚ್ಚರವೇ ತಪ್ಪಬಹುದು. ಆಲ್‌ಪ್ರಜೋಲಂ, ಕ್ಲೋನಾಜಿಪಾಂ ಮುಂತಾದ ನಿದ್ರೆ ಮಾತ್ರೆಗಳು, ತೀವ್ರ ನೋವಿಗೆ ಕೊಡುವ ಟ್ರಮಡಾಲ್, ನರದ ನೋವಿಗೆಂದು ರಾತ್ರಿ ಕೊಡುವ ಪ್ರೀಗ್ಯಾಬಲಿನ್ ಮತ್ತು ಗ್ಯಾಬಪೆಂಟಿನ್, ನೆಗಡಿ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮಿನ್ ಇವೂ ಅದೇ ದಿಕ್ಕಿನಲ್ಲಿ ಕೆಲಸ ಮಾಡುತ್ತವೆ. ಸೊಂಟನೋವು ಕಾಲಿಗೆ ಎಳೆಯುತ್ತದೆ ಎಂದವರ ಚೀಟಿಯಲ್ಲಿ ಸ್ನಾಯು ಸಡಿಲಿಸುವ ಔಷಧಿಯೂ ಪ್ರೀಗ್ಯಾಬಲಿನ್ನೂ ಒಟ್ಟಿಗೆ ಇರುವುದು ಅಪರೂಪವಲ್ಲ. ವೈದ್ಯರು ತಿಳಿದೇ ಬರೆದಿರಬಹುದು, ಆದರೂ ಎರಡನ್ನೂ ಒಂದೇ ಹೊತ್ತಿಗೆ ತೆಗೆದುಕೊಳ್ಳಬೇಕೇ ಎಂದು ಕೇಳಿ ದೃಢಪಡಿಸಿಕೊಳ್ಳಿ. ಒಂದು ಹೊತ್ತಿನ ಮಾತ್ರೆ ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬಾರದು. ಬಿಟ್ಟದ್ದನ್ನು ಬಿಟ್ಟು ಮುಂದಿನದನ್ನು ಅದರ ಸಮಯಕ್ಕೆ ತೆಗೆದುಕೊಂಡರೆ ಸಾಕು.

ಎಷ್ಟು ದಿನ, ಯಾವಾಗ ನಿಲ್ಲಿಸುವುದು

ಹೊಸದಾಗಿ ಬಂದ ಸಾಮಾನ್ಯ ಸೊಂಟನೋವು ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಸ್ನಾಯು ಸಡಿಲಿಸುವ ಔಷಧಿ ಮೊದಲ ಕೆಲವು ದಿನ ಮಲಗಿ ಏಳುವುದನ್ನು ಸ್ವಲ್ಪ ಸುಲಭಗೊಳಿಸಬಹುದು. ಅದರ ಲಾಭ ಸಾಧಾರಣ ಮಟ್ಟದ್ದು, ಅದೂ ಆರಂಭದ ದಿನಗಳಲ್ಲಿ ಮಾತ್ರ ಎಂದು ಈವರೆಗಿನ ಅಧ್ಯಯನಗಳು ಹೇಳುತ್ತವೆ. ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಬಿಸಿಶಾಖ, ಮಸಾಜ್ ಮುಂತಾದವನ್ನು ಮೊದಲು ಪ್ರಯತ್ನಿಸಿ, ಔಷಧಿ ಬೇಕೇ ಆದರೆ ನೋವುನಿವಾರಕ ಅಥವಾ ಸ್ನಾಯು ಸಡಿಲಿಸುವ ಔಷಧಿ ಬಳಸಬಹುದು ಎನ್ನುತ್ತದೆ. ವಾರಗಟ್ಟಲೆ ಹಾಸಿಗೆ ಹಿಡಿಯುವುದರಿಂದ ಬೆನ್ನು ಇನ್ನಷ್ಟು ಬಿಗಿಯುತ್ತದೆ. ನೋವು ತಾಳುವಷ್ಟು ಮನೆಯೊಳಗೇ ಓಡಾಡುತ್ತಿದ್ದರೆ ಚೇತರಿಕೆ ಬೇಗ. ಬರೆದುಕೊಟ್ಟ ದಿನಗಳು ಮುಗಿದರೂ ನೋವು ಉಳಿದಿದ್ದರೆ ಹಳೆಯ ಚೀಟಿ ತೋರಿಸಿ ಅದೇ ಮಾತ್ರೆ ತರುವುದನ್ನು ಬಿಟ್ಟು, ಕಾರಣ ಹುಡುಕಲು ವೈದ್ಯರ ಬಳಿಗೇ ಹೋಗಬೇಕು. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ, ವಿಟಮಿನ್ ಡಿ ಕೊರತೆ, ಥೈರಾಯ್ಡ್ ತೊಂದರೆ ಇವುಗಳಿಂದಲೂ ಮೈಯ ಸ್ನಾಯುಗಳು ನೋಯುತ್ತವೆ, ಅಂಥ ನೋವಿಗೆ ಈ ಮಾತ್ರೆ ಮದ್ದಲ್ಲ.

ಐದಾರು ದಿನ ತೆಗೆದುಕೊಂಡ ಬೆರಕೆ ಮಾತ್ರೆಯನ್ನು ನೋವು ಹೋದಾಗ ಹಾಗೆಯೇ ನಿಲ್ಲಿಸಬಹುದು. ವಾರಗಳ ಕಾಲ ಹೆಚ್ಚಿನ ಪ್ರಮಾಣದಲ್ಲಿ ಟಿಜಾನಿಡಿನ್ ತೆಗೆದುಕೊಂಡವರು ತಟ್ಟನೆ ಬಿಟ್ಟರೆ ರಕ್ತದೊತ್ತಡ ಜಿಗಿದು ಎದೆಬಡಿತ ಹೆಚ್ಚಬಹುದಾದ್ದರಿಂದ, ಬ್ಯಾಕ್ಲೋಫೆನ್‌ನಂತೆಯೇ ಇದನ್ನೂ ವೈದ್ಯರು ಹೇಳಿದ ಕ್ರಮದಲ್ಲಿ ಇಳಿಸುತ್ತಾ ಬರಬೇಕು.

ಕೆಲವು ಸಂದರ್ಭಗಳಲ್ಲಿ ಮಾತ್ರೆಯ ಮೇಲೆ ಭರವಸೆ ಇಟ್ಟು ಕಾಯುವುದೇ ತಪ್ಪು. ಸೊಂಟನೋವಿನ ಜೊತೆ ಮೂತ್ರ ಕಟ್ಟಿಕೊಂಡರೆ ಅಥವಾ ತಡೆಯಲಾಗದೆ ಹೋದರೆ, ತೊಡೆಗಳ ಸಂದಿಯಲ್ಲಿ ಮರಗಟ್ಟಿದರೆ, ಕಾಲಿನ ಶಕ್ತಿ ಕುಂದುತ್ತಿದ್ದರೆ ಅದು ನರಗಳ ಗೊಂಚಲು ಒತ್ತಡಕ್ಕೆ ಸಿಕ್ಕಿರುವ ಸೂಚನೆ, ಗಂಟೆಗಳೊಳಗೆ ಆಸ್ಪತ್ರೆ ಸೇರಬೇಕಾದ ಸ್ಥಿತಿ. ಜ್ವರ, ಕಾರಣವಿಲ್ಲದೆ ಇಳಿಯುವ ತೂಕ, ಹಿಂದೆ ಕ್ಯಾನ್ಸರ್ ಆಗಿದ್ದು ಈಗ ಬೆನ್ನುನೋವು ಬಂದಿರುವುದು ಇವಕ್ಕೂ ತಪಾಸಣೆ ಬೇಕು. ಎದೆ, ಎಡಭುಜ, ದವಡೆ ಅಥವಾ ಎರಡು ಹೆಗಲ ನಡುವಿನ ನೋವು ಬೆವರಿನೊಂದಿಗೆ, ಏದುಸಿರಿನೊಂದಿಗೆ ಬಂದರೆ 'ಎಲ್ಲೋ ಹಿಡಿದುಕೊಂಡಿದೆ' ಎಂದು ಸ್ನಾಯುವಿನ ಮಾತ್ರೆ ನುಂಗಿ ಮಲಗಬೇಡಿ, 108ಕ್ಕೆ ಕರೆ ಮಾಡಿ. ಮಾತ್ರೆ ನುಂಗಿದವರನ್ನು ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾಗಿದ್ದರೆ, ಮುಖ-ನಾಲಿಗೆ ಊದಿಕೊಂಡರೆ, ಮಗು ಆಕಸ್ಮಿಕವಾಗಿ ಮಾತ್ರೆ ಬಾಯಿಗೆ ಹಾಕಿಕೊಂಡರೆ ಆಗಲೂ ಅದೇ ಸಂಖ್ಯೆ. ವಾಂತಿ ಮಾಡಿಸಲು ಉಪ್ಪುನೀರು ಕುಡಿಸುವ ಪ್ರಯತ್ನ ಬೇಡ, ಉಳಿದ ಸ್ಟ್ರಿಪ್ಪನ್ನು ಜೊತೆಗೆ ಒಯ್ಯಿರಿ.

ನೋವು ಹೋದ ಮೇಲೆ ಉಳಿದ ಮಾತ್ರೆಗಳನ್ನು ಪಕ್ಕದ ಮನೆಯವರ ಸೊಂಟನೋವಿಗೆಂದು ಕೊಡಬೇಡಿ. ಅವರ ಕಿಡ್ನಿ, ಅವರ ಬಿಪಿ ಮಾತ್ರೆ, ಅವರು ಗರ್ಭಿಣಿಯೇ ಎಂಬುದು ನಿಮಗೆ ತಿಳಿದಿರುವುದಿಲ್ಲ. ಔಷಧಿಯಿಂದ ಅಡ್ಡಪರಿಣಾಮವಾಗಿದ್ದರೆ ವೈದ್ಯರಿಗೆ ಹೇಳುವುದರ ಜೊತೆಗೆ ಕೇಂದ್ರ ಸರ್ಕಾರದ ಔಷಧ ಸುರಕ್ಷಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024ಕ್ಕೆ ರೋಗಿಗಳೇ ನೇರವಾಗಿ ತಿಳಿಸಬಹುದು. ಕರೆ ಮಾಡುವಾಗ ಔಷಧಿಯ ಹೆಸರು, ಬ್ಯಾಚ್ ಸಂಖ್ಯೆ, ಯಾವಾಗ ಆರಂಭಿಸಿದಿರಿ, ಯಾವ ಲಕ್ಷಣ ಯಾವಾಗ ಕಾಣಿಸಿಕೊಂಡಿತು ಎಂಬ ವಿವರಗಳು ಕೈಯಲ್ಲಿರಲಿ.